ಆಳನ್ನು ಅಳೆದ ಅರಸ ವಿಷ್ಣುವರ್ಧನ

ಬೇಲೂರಿನ ಚೆನ್ನಕೇಶವ ದೇವಾಲಯಕ್ಕೆ ಬಂದವರು ಮೆಟ್ಟಿಲುಗಳ ಪಕ್ಕದಲ್ಲಿ ಹುಲಿಯೊಡನೆ ಸೆಣಸುತ್ತಿರುವ ತರುಣನ ಮೂರ್ತಿಯನ್ನು ನೋಡದೆ ಒಳಗೆ ಹೋಗುವುದಿಲ್ಲ. ಹೊಯ್ಸಳರ ಲಾಂಛನವದು. ಅದರ ಮುಂದೆ ನಿಂತು ಭಾವಚಿತ್ರ ತೆಗೆಸಿಕೊಳ್ಳುವವರಿಗೆ ಲೆಕ್ಕವಿಲ್ಲ. ಇದೇ ಬೇಲೂರಿನ 1137ರ ಶಾಸನವೊಂದನ್ನು ನೋಡಲೆಂದು ಬರುವವರು ಮಾತ್ರ ವಿರಳ. ಕಲ್ಲಿನ ಮೇಲೆ ಮೂರ್ತಿಗಳಿಲ್ಲ, ಅಕ್ಷರಗಳಿವೆ. ಆ ಅಕ್ಷರಗಳಲ್ಲಿ ತಂದೆಯನ್ನು ಕಳೆದುಕೊಂಡ ಹುಡುಗನೊಬ್ಬನ ಕಥೆಯಿದೆ.

ಹುಡುಗನ ಹೆಸರು ವಿಷ್ಣು. ಜನರ ಬಾಯಲ್ಲಿ ಬಿಟ್ಟಿಯಣ್ಣ, ಬಿಟ್ಟಿಮಯ್ಯ. ಹೊಯ್ಸಳರ ಸೇವೆಯಲ್ಲಿದ್ದ ದಂಡನಾಯಕರ ಮನೆತನದವನು. ತಂದೆ ಚಿನ್ನರಾಜ ತೀರಿಕೊಂಡ ಮೇಲೆ ಹೊಯ್ಸಳ ದೊರೆ ವಿಷ್ಣುವರ್ಧನನೇ ಅವನನ್ನು ಸ್ವಂತ ಮಗನಂತೆ ಸಾಕಿದನು. ಏಳೆಂಟು ವರ್ಷವಾದಾಗ ತಾನೇ ಮುಂದೆ ನಿಂತು ಉಪನಯನ ಮಾಡಿಸಿದನು. ಹುಡುಗನಿಗೆ ಹತ್ತು ಹನ್ನೊಂದು ವರ್ಷವಾಗುವ ಹೊತ್ತಿಗೆ ಬುದ್ಧಿ ದರ್ಭೆಯ ತುದಿಯಷ್ಟು ಚೂಪಾಗಿತ್ತೆಂದೂ, ನಾಲ್ಕು ಬಗೆಯ ಪರೀಕ್ಷೆಗಳಲ್ಲಿ ಅವನು ಶುದ್ಧನೆಂದು ಕಂಡುಬಂದನೆಂದೂ ಶಾಸನ ಹೇಳುತ್ತದೆ. ಆಗ ದೊರೆ ತನ್ನ ಪ್ರಧಾನನ ಮಗಳನ್ನು ತಂದು ಅವನಿಗೆ ಮದುವೆ ಮಾಡಿಸಿ, ಮಹಾಪ್ರಚಂಡ ದಂಡನಾಯಕನೆಂಬ ಪದವಿಯನ್ನು ಕೊಟ್ಟನು. ಎಳೆಯ ವಯಸ್ಸಿನ ಆ ದಂಡನಾಯಕ ದಕ್ಷಿಣಕ್ಕೆ ದಂಡೆತ್ತಿ ಹೋಗಿ, ಅರ್ಧ ತಿಂಗಳಿನಲ್ಲಿ ಕೊಂಗುನಾಡನ್ನು ಗೆದ್ದು ಮರಳಿದನು.

ಶಾಸನಕವಿಗಳು ಹೊಗಳಲೆಂದೇ ಕುಳಿತವರು. ಅವರ ಮಾತಿನಲ್ಲಿ ಒಂದಿಷ್ಟು ಸೋಡಿ ಬಿಟ್ಟುಕೊಳ್ಳಬೇಕು. ಹನ್ನೊಂದರ ಹುಡುಗನಿಗೆ ಪದವಿ ಬಂದಿರಬಹುದು. ಪಡೆಯನ್ನು ನಡೆಸುವಾಗ ಪಕ್ಕದಲ್ಲಿ ನರೆತ ಮೀಸೆಯವರು ಇದ್ದೇ ಇರುತ್ತಾರೆ. ಹಾಗಿದ್ದರೂ ಒಂದು ಪ್ರಶ್ನೆ ಉಳಿಯುತ್ತದೆ. ಎಳೆಯನೊಬ್ಬ ಮುಂದೆ ದಳಪತಿಯಾಗಬಲ್ಲನೆಂದು ವಿಷ್ಣುವರ್ಧನ ಹೇಗೆ ಅಳೆದನು?

ಇಂದು ಕ್ರೀಡಾಲೋಕ ಪ್ರತಿವರ್ಷವೂ ತಲೆಕೆಡಿಸಿಕೊಳ್ಳುವ ಪ್ರಶ್ನೆಯೂ ಇದೇ. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಎಲ್ಲರಿಗಿಂತ ಒಂದು ಮೊಳ ಎತ್ತರವಿರುವ ಹುಡುಗ ಬುಟ್ಟಿಯ ಕೆಳಗೆ ನಿಂತರೆ ಸಾಕು, ಎದುರಾಳಿಗಳು ಸೋತಂತೆಯೇ. ಅದೇ ಹುಡುಗ ವೃತ್ತಿಪರ ತಂಡಕ್ಕೆ ಹೋದಾಗ ಸುತ್ತಲಿನವರೆಲ್ಲ ಅವನಷ್ಟೇ ಎತ್ತರದವರು. ಅಲ್ಲಿ ನಿಲ್ಲುತ್ತಾನೋ ಇಲ್ಲವೋ ಎಂದು ಮೊದಲೇ ಹೇಳುವುದು ಪಳಗಿದ ಕಣ್ಣಿಗೂ ಕಷ್ಟ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ತಂಡ ಕೆಂಟಕಿ ವಿಶ್ವವಿದ್ಯಾಲಯದ ಏಳಡಿ ಒಂದಂಗುಲದ ಸ್ಯಾಮ್ ಬೋವಿಯನ್ನು ಎರಡನೆಯ ಆಯ್ಕೆಯಾಗಿ ಆರಿಸಿಕೊಂಡಿತು. ಅವನಿಗಿಂತ ಗಿಡ್ಡನೆಂದು ಮೂರನೆಯವನಾಗಿ ಷಿಕಾಗೊ ಪಾಲಿಗೆ ಉಳಿದವನು ಮೈಕೆಲ್ ಜೋರ್ಡಾನ್ ಎಂದು ಆ ಆಯ್ಕೆಯನ್ನು ಜನ ಇಂದಿಗೂ ಆಡಿಕೊಳ್ಳುತ್ತಾರೆ. ಬೋವಿಯ ಕಾಲಿನ ಮೂಳೆಗಳು ಅವನ ಎತ್ತರಕ್ಕೆ ಜತೆಗೊಡಲಿಲ್ಲ. ಪಂಜಾಬಿನ ಹಳ್ಳಿಯಿಂದ ಹೊರಟ ಏಳಡಿ ಎರಡಂಗುಲದ ಸತ್ನಾಮ್ ಸಿಂಗ್ 2015ರಲ್ಲಿ ಡಲ್ಲಾಸ್ ತಂಡಕ್ಕೆ ಆಯ್ಕೆಯಾದಾಗ ಇಡೀ ದೇಶ ಹಿಗ್ಗಿತು. ಎನ್‌ಬಿಎ ಅಂಗಣದಲ್ಲಿ ಒಂದು ಪಂದ್ಯವನ್ನೂ ಆಡುವ ಯೋಗ ಅವರಿಗೆ ಕೂಡಿಬರಲಿಲ್ಲ. ಎತ್ತರವನ್ನು ಟೇಪು ಹಿಡಿದು ಅಳೆಯಬಹುದು. ಉಳಿದದ್ದಕ್ಕೆ ಟೇಪು ಇಲ್ಲ.

ಒಂಬೈನೂರು ವರ್ಷಗಳ ಹಿಂದೆ ಬೇಲೂರು, ಹಳೇಬೀಡುಗಳಿಂದ ಆಳಿದ ದೊರೆಯ ಬದುಕನ್ನು ಈ ಪ್ರಶ್ನೆಯ ಬೆಳಕಿನಲ್ಲಿ ನೋಡಿದರೆ, ದೇವಾಲಯ ಕಟ್ಟಿಸಿದವನು, ಶಾಂತಲೆಯ ಪತಿ ಎಂಬ ಪರಿಚಿತ ಚಿತ್ರದ ಹಿಂದಿನ ಇನ್ನೊಬ್ಬ ವಿಷ್ಣುವರ್ಧನ ಕಾಣಿಸುತ್ತಾನೆ.

ಅವನೇ ಮೊದಲು ಲೆಕ್ಕಕ್ಕಿಲ್ಲದ ನಡುವಿನ ಮಗ. ತಂದೆ ಎರೆಯಂಗ, ತಾಯಿ ಏಚಲದೇವಿ. ಅಣ್ಣ ಬಲ್ಲಾಳ, ತಮ್ಮ ಉದಯಾದಿತ್ಯ. ಇವನ ಹೆಸರು ಬಿಟ್ಟಿದೇವ. ಹೊಯ್ಸಳರು ಆಗ ಮಲೆನಾಡಿನ ಒಂದು ಸಾಮಂತ ಮನೆತನ. ಇಂದಿನ ಮೂಡಿಗೆರೆ ತಾಲೂಕಿನ ಅಂಗಡಿ, ಅಂದಿನ ಸೊಸೆವೂರು, ಅವರ ಮೂಲ ನೆಲೆ. ಸಳನೆಂಬ ತರುಣ ಅಲ್ಲಿನ ವಾಸಂತಿಕಾ ದೇವಿಯ ಸನ್ನಿಧಿಯಲ್ಲಿ ಜೈನಮುನಿಯ ಅಪ್ಪಣೆಯಂತೆ ಹುಲಿಯನ್ನು ಹೊಡೆದು ಕೆಡವಿದನೆಂಬ ಐತಿಹ್ಯ ವಂಶದ ಹೆಸರಿಗೇ ಮೂಲವಾಗಿದೆ. ಅದು ನಡೆದ ಘಟನೆಯೇ ಎಂಬುದು ಬೇರೆ ಮಾತು. ಆಳಿನ ಯೋಗ್ಯತೆ ತಿಳಿಯುವುದು ಹುಲಿ ಎದುರು ಬಂದಾಗ ಎಂಬ ನಂಬಿಕೆಯನ್ನೇ ಒಂದು ಮನೆತನ ಲಾಂಛನವಾಗಿ ಮಾಡಿಕೊಂಡಿತೆಂಬುದು ಗಮನಿಸಬೇಕಾದ ಸಂಗತಿ.

ಮೇಲೆ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯ. ಎರೆಯಂಗ ಅವನ ಪರವಾಗಿ ಮಾಳವದ ಧಾರಾನಗರದವರೆಗೂ ಹೋಗಿ ಕಾದಿದವನು. ತೆಂಕಣದಲ್ಲಿ ಚೋಳರು ಗಂಗವಾಡಿಯನ್ನು ಹಿಡಿದು, ತಲಕಾಡಿನಲ್ಲಿ ತಮ್ಮ ಅಧಿಕಾರಿಗಳನ್ನಿಟ್ಟು ನೂರು ವರ್ಷವಾಗಿತ್ತು. ಈ ಎರಡು ಬಂಡೆಗಳ ನಡುವೆ ಹೊಯ್ಸಳರ ನಾಡು.

1102ರ ಸುಮಾರಿಗೆ ಅಣ್ಣ ಬಲ್ಲಾಳ ಪಟ್ಟಕ್ಕೆ ಬಂದನು. ಜಗದ್ದೇವನೆಂಬ ದೊಡ್ಡ ವೈರಿ ದೋರಸಮುದ್ರದ ಬಾಗಿಲಿಗೇ ಬಂದಾಗ ಅಣ್ಣ ತಮ್ಮಂದಿರು ಸೇರಿ ಅವನನ್ನು ಹಿಮ್ಮೆಟ್ಟಿಸಿದರು. ಬಿಟ್ಟಿದೇವ ಹುಲಿಯ ಎದುರು ನಿಂತದ್ದು ಆಗ. ಅಣ್ಣನ ಆಳ್ವಿಕೆ ಆರೇಳು ವರ್ಷಕ್ಕೆ ಮುಗಿಯಿತು. 1108ರಲ್ಲಿ ನಡುವಿನ ಮಗನ ಪಾಲಿಗೆ ಸಿಂಹಾಸನ ಬಂದಿತು.

ಹೊಸ ದೊರೆಯ ಮೊದಲ ದೊಡ್ಡ ಆಯ್ಕೆ ಗಂಗರಾಜ. ಜೈನ ಮನೆತನದ ಈ ದಂಡನಾಯಕನ ಕೈಗೆ ಅವನು ವಹಿಸಿದ ಕೆಲಸ ತಲಕಾಡು. ಚೋಳರ ಸಾಮಂತ ಆದಿಯಮನಿಗೆ ಊರನ್ನು ಒಪ್ಪಿಸಲು ಹೇಳಿಕಳಿಸಲಾಯಿತು; ಕಾದಿ ಗೆದ್ದುಕೊಳ್ಳಬಹುದೆಂಬ ಉತ್ತರ ಬಂದಿತು. ಗಂಗರಾಜ ಕಾದಿ ಗೆದ್ದನು. 1116ರ ಆ ಗೆಲುವಿನಿಂದ ದೊರೆಗೆ ತಲಕಾಡುಗೊಂಡ ಎಂಬ ಬಿರುದು ಬಂದಿತು. ಚೋಳರ ಶತಮಾನದ ಹಿಡಿತ ಗಂಗವಾಡಿಯಲ್ಲಿ ಸಡಿಲಿತು. ಮರುವರ್ಷ, 1117ರ ಮಾರ್ಚಿಯಲ್ಲಿ, ಬೇಲೂರಿನಲ್ಲಿ ವಿಜಯನಾರಾಯಣನ ಪ್ರತಿಷ್ಠೆ. ನಾವು ಇಂದು ಚೆನ್ನಕೇಶವನೆಂದು ಕರೆಯುವ ದೇವರು ಅವನೇ.

ಅದೇ 1117ರಲ್ಲಿ ಇನ್ನೊಬ್ಬ ದಂಡನಾಯಕನ ಹೆಸರು ಚಾಮರಾಜನಗರದ ಶಾಸನದಲ್ಲಿ ಬರುತ್ತದೆ: ಪುಣಿಸ. ಅವನು ತೊದವರನ್ನು ಬೆದರಿಸಿ, ನೀಲಗಿರಿಯನ್ನು ದೊರೆಗೆ ಒಪ್ಪಿಸಿದನು. ಆ ಬೆಟ್ಟಸಾಲಿಗೆ ನೀಲಗಿರಿಯೆಂಬ ಹೆಸರು ಶಾಸನಗಳಲ್ಲಿ ಮೊದಲು ಕಾಣಿಸುವುದೂ ಇಲ್ಲಿಯೇ. ಶಾಸನದ ಇನ್ನೊಂದು ಮಾತು ಈ ಯುದ್ಧವಾರ್ತೆಗಿಂತ ಹೆಚ್ಚಿನದು. ಬಂಡವಾಳ ಕಳೆದುಕೊಂಡ ವ್ಯಾಪಾರಿ, ಬಿತ್ತನೆಗೆ ಬೀಜವಿಲ್ಲದ ಒಕ್ಕಲಿಗ, ನೆಲೆ ತಪ್ಪಿದ ಬೇಡರ ನಾಯಕ, ಯಾರೇ ಬಂದರೂ ಪುಣಿಸ ಅವರವರು ಕಳೆದುಕೊಂಡದ್ದನ್ನು ಕೊಟ್ಟು ಕಾಪಾಡಿದನಂತೆ. ಗೆದ್ದ ನಾಡನ್ನು ಉಳಿಸಿಕೊಳ್ಳುವ ಬಗೆ ಕತ್ತಿಯವನಿಗೆ ತಿಳಿದಿತ್ತೆಂದಾಯಿತು.

ದೊರೆಯ ಕಣ್ಣಿಗೆ ಬಿದ್ದವರು ಕತ್ತಿಯವರು ಮಾತ್ರವಲ್ಲ. ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು. ಬಳ್ಳಿಗಾವೆ ಚಾಲುಕ್ಯರ ನಾಡಿನ ಊರು. ರಾಜಕೀಯದಲ್ಲಿ ಯಾರಿಂದ ಬಿಡಿಸಿಕೊಳ್ಳಲು ಹೆಣಗುತ್ತಿದ್ದನೋ ಅವರದೇ ನಾಡಿನ ರೂವಾರಿಗಳ ಉಳಿ ಹೊಯ್ಸಳನ ವಿಜಯದ ಗುಡಿಯನ್ನು ಅಲಂಕರಿಸಿತು. ಮಗನ ಕೆಲಸದ ಕೆಳಗೆ ಮಗನ ಹೆಸರೇ ಇದೆ, ತಂದೆಯ ಹೆಸರಿನ ನೆರಳಿನಲ್ಲಿ ಅದು ಮರೆಯಾಗಿಲ್ಲ.

1118ರ ಸುಮಾರಿಗೆ ನಿಜವಾದ ಪರೀಕ್ಷೆ ಬಂದಿತು. ಸಾಮಂತ ಅತಿಯಾಗಿ ಬೆಳೆಯುತ್ತಿದ್ದಾನೆಂದು ಕಂಡ ವಿಕ್ರಮಾದಿತ್ಯ ಹನ್ನೆರಡು ಮಂದಿ ಸಾಮಂತರ ದೊಡ್ಡ ಪಡೆಯನ್ನು ಕಳುಹಿಸಿದನು. ಪಡೆ ಕಣ್ಣೆಗಾಲದಲ್ಲಿ ಬೀಡುಬಿಟ್ಟಿತ್ತು. ಗಂಗರಾಜ ಹಗಲಿಗೆ ಕಾಯಲಿಲ್ಲ. ಇರುಳಿನಲ್ಲಿ ಕುದುರೆಯೇರಿ ಬೀಡಿಗೆ ನುಗ್ಗಿ ಚಕ್ರವರ್ತಿಯ ಪಡೆಯನ್ನು ಚೆದುರಿಸಿ, ಅವರ ಉಗ್ರಾಣವನ್ನೂ ವಾಹನಗಳನ್ನೂ ತಂದು ದೊರೆಗೆ ಒಪ್ಪಿಸಿದನು. ಮೆಚ್ಚಿದ ದೊರೆ ಬೇಕಾದುದನ್ನು ಕೇಳಿಕೊಳ್ಳೆಂದಾಗ ಗಂಗರಾಜ ಕೇಳಿದ್ದು ಪರಮ ಎಂಬ ಒಂದು ಹಳ್ಳಿ. ಅದನ್ನೂ ತಾಯಿ ಮತ್ತು ಹೆಂಡತಿ ಕಟ್ಟಿಸಿದ್ದ ಬಸದಿಗಳಿಗೆ ದತ್ತಿಬಿಟ್ಟನು. ಶ್ರವಣಬೆಳಗೊಳದ ಗೊಮ್ಮಟನ ಸುತ್ತಾಲಯವನ್ನು ಕಟ್ಟಿಸಿದವನೂ ಇವನೇ.

ಇಲ್ಲಿ ಬಿಟ್ಟಿಯಣ್ಣನ ಶಾಸನದ ನಾಲ್ಕು ಪರೀಕ್ಷೆಗಳಿಗೆ ಮರಳಬೇಕು. ಅವುಗಳಿಗೆ ಉಪಧೆ ಎಂದು ಹೆಸರು. ಅವುಗಳ ವಿವರ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿದೆ. ಮರೆಯಾಗಿದ್ದ ಆ ಗ್ರಂಥದ ಹಸ್ತಪ್ರತಿಯನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದವರು ಆರ್. ಶಾಮಾಶಾಸ್ತ್ರಿಗಳು. ಬಿಟ್ಟಿಯಣ್ಣನ ಶಾಸನವನ್ನು ಒಳಗೊಂಡ ಹಾಸನ ಜಿಲ್ಲೆಯ ಶಾಸನ ಸಂಪುಟವನ್ನು ಬಿ.ಎಲ್. ರೈಸ್ ಹೊರತಂದದ್ದು ಅದಕ್ಕೆ ಕೆಲವೇ ವರ್ಷಗಳ ಮೊದಲು. ಎರಡನ್ನೂ ಪಕ್ಕದಲ್ಲಿಟ್ಟು ಓದಿದರೆ ಅಂದಿನ ರಾಜರು ಆಳನ್ನು ಅಳೆಯುತ್ತಿದ್ದ ಬಗೆ ತಿಳಿಯುತ್ತದೆ.

ಮೊದಲನೆಯದು ಧರ್ಮದ ಪರೀಕ್ಷೆ. ರಾಜ ಪುರೋಹಿತನ ಮೇಲೆ ಮುನಿದಂತೆ ನಟಿಸಿ ಅವನನ್ನು ಕೆಲಸದಿಂದ ತೆಗೆಯುತ್ತಾನೆ. ಪುರೋಹಿತನ ಕಡೆಯವರು ಅಮಾತ್ಯರೊಬ್ಬೊಬ್ಬರ ಬಳಿಗೂ ಗುಟ್ಟಾಗಿ ಹೋಗಿ, ಈ ರಾಜ ಅಧರ್ಮಿ, ಬೇರೆಯವನನ್ನು ತರೋಣ, ಉಳಿದವರೆಲ್ಲ ಒಪ್ಪಿದ್ದಾರೆ ಎಂದು ಕಿವಿಯೂದುತ್ತಾರೆ. ಒಪ್ಪದವನು ಶುದ್ಧ. ಎರಡನೆಯದು ಹಣದ ಆಸೆಯದು. ಕೆಲಸ ಕಳೆದುಕೊಂಡಂತೆ ನಟಿಸುವ ಸೇನಾಪತಿ ಅದನ್ನು ಒಡ್ಡುತ್ತಾನೆ. ಮೂರನೆಯದು ಕಾಮದ ಪರೀಕ್ಷೆ: ಸನ್ಯಾಸಿನಿಯೊಬ್ಬಳು ಬಂದು, ರಾಣಿಗೆ ನಿಮ್ಮ ಮೇಲೆ ಮನಸ್ಸಾಗಿದೆ ಎಂದು ಪಿಸುಗುಟ್ಟುತ್ತಾಳೆ. ಕೊನೆಯದು ಭಯದ್ದು. ಅಮಾತ್ಯರೆಲ್ಲ ದೋಣಿವಿಹಾರಕ್ಕೆಂದು ಕೂಡಿದ್ದೇ ನೆಪವಾಗಿ ಅವರನ್ನು ಸೆರೆಗೆ ಹಾಕಲಾಗುತ್ತದೆ. ಮೊದಲೇ ಅಲ್ಲಿ ಸೆರೆಯಾಳಿನಂತೆ ಕುಳಿತ ಗೂಢಚಾರ, ಮಾನ ಧನ ಎರಡನ್ನೂ ಕಳೆದುಕೊಂಡವರ ಕಿವಿಯಲ್ಲಿ ರಾಜನನ್ನು ಮುಗಿಸುವ ಮಾತೆತ್ತುತ್ತಾನೆ.

ಈ ಪರೀಕ್ಷೆಗಳಲ್ಲಿ ಗೆದ್ದವರನ್ನು ಕೌಟಿಲ್ಯ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಧರ್ಮದಲ್ಲಿ ಗೆದ್ದವನಿಗೆ ನ್ಯಾಯಾಲಯ. ಹಣದಲ್ಲಿ ಗೆದ್ದವನಿಗೆ ಕಂದಾಯ ಮತ್ತು ಬೊಕ್ಕಸ. ಕಾಮದಲ್ಲಿ ಗೆದ್ದವನಿಗೆ ವಿಹಾರಸ್ಥಾನಗಳ ಕಾವಲು. ಭಯದಲ್ಲಿ ಗೆದ್ದವನಿಗೆ ರಾಜನ ಮೈಗಾವಲಿನ ಕೆಲಸ. ನಾಲ್ಕನ್ನೂ ಗೆದ್ದವನು ಮಂತ್ರಿ. ಎಲ್ಲದರಲ್ಲಿಯೂ ಸೋತವನನ್ನು ಕೂಡ ಹೊರದೂಡುವುದಿಲ್ಲ, ಗಣಿಗೋ ಕಾಡಿಗೋ ಕಾರ್ಖಾನೆಗೋ ಕಳುಹಿಸುತ್ತಾನೆ. ಆಟದ ಭಾಷೆಯಲ್ಲಿ ಹೇಳುವುದಾದರೆ, ಆಟಗಾರ ಒಳ್ಳೆಯವನೇ ಎಂದು ಕೇಳುವ ಮೊದಲು ಅವನು ಯಾವ ಜಾಗಕ್ಕೆ ಒಳ್ಳೆಯವನು ಎಂದು ಕೇಳುವ ಕ್ರಮವಿದು. ಬ್ಯಾಸ್ಕೆಟ್‌ಬಾಲ್ ತಂಡಗಳು ಇಂದು ಹುಡುಗರನ್ನು ಕೂರಿಸಿಕೊಂಡು ಮನಶ್ಶಾಸ್ತ್ರಜ್ಞರಿಂದ ಪ್ರಶ್ನೆ ಕೇಳಿಸುವುದು ಇದರ ಸೌಮ್ಯ ರೂಪ.

ಕೌಟಿಲ್ಯನಿಗೆ ತನ್ನ ಉಪಾಯದ ಅಪಾಯವೂ ಗೊತ್ತಿತ್ತು. ರಾಜ ತನ್ನನ್ನಾಗಲಿ ರಾಣಿಯನ್ನಾಗಲಿ ಪರೀಕ್ಷೆಯ ಗುರಿಯಾಗಿ ಇಡಬಾರದೆಂದು ಅವನು ಎಚ್ಚರಿಸುತ್ತಾನೆ. ಕೆಡದವನನ್ನು ಪರೀಕ್ಷೆಯ ನೆಪದಲ್ಲಿ ಕೆಡಿಸಿದರೆ ನೀರಿಗೆ ವಿಷ ಹಾಕಿದಂತೆ. ಕೆಟ್ಟ ಮನಸ್ಸಿಗೆ ಮದ್ದು ಸಿಗದೆಯೂ ಹೋಗಬಹುದು. ಎಳೆಯರನ್ನು ಪರೀಕ್ಷೆಯ ಮೇಲೆ ಪರೀಕ್ಷೆಗೆ ಒಡ್ಡುವ ನಮ್ಮ ಕಾಲದ ಆಯ್ಕೆದಾರರು ಈ ಭಾಗವನ್ನು ಓದಿದಂತೆ ತೋರುವುದಿಲ್ಲ.

ಬಿಟ್ಟಿಯಣ್ಣನಿಗೆ ಒಡ್ಡಿದ ಪರೀಕ್ಷೆಗಳು ಪುಸ್ತಕದಲ್ಲಿರುವಂಥವೇ ಆಗಿರಬೇಕಿಲ್ಲ. ಹತ್ತರ ಹುಡುಗನ ಬಳಿಗೆ ಸನ್ಯಾಸಿನಿಯನ್ನು ಕಳಿಸುವುದರಲ್ಲಿ ಅರ್ಥವೂ ಇಲ್ಲ. ರಾಜಭಕ್ತಿ, ನಿರ್ಲೋಭ, ಸಂಯಮ, ಧೈರ್ಯ ಎಂಬ ನಾಲ್ಕು ಗುಣಗಳು ಹುಡುಗನಲ್ಲಿ ಕಂಡವೆಂದು ಹೇಳಲು ಶಾಸನಕವಿ ಶಾಸ್ತ್ರದ ಮಾತನ್ನು ಬಳಸಿಕೊಂಡಿರಬಹುದು. ಅದಕ್ಕಿಂತ ದೊಡ್ಡ ಅಳತೆ ದೊರೆಯ ಕೈಯಲ್ಲಿತ್ತು: ಹುಡುಗ ಕಣ್ಣೆದುರೇ ಬೆಳೆದಿದ್ದನು. ಒಂದು ಮಧ್ಯಾಹ್ನದ ಆಟ ನೋಡಿ ಆರಿಸುವುದಕ್ಕೂ ಊಟದ ಪಂಕ್ತಿಯಲ್ಲಿ, ಗರಡಿಯಲ್ಲಿ, ಜ್ವರ ಬಂದ ದಿನ, ಸೋತ ದಿನ ನೋಡಿದ ಮೇಲೆ ಆರಿಸುವುದಕ್ಕೂ ಅಜಗಜಾಂತರ. ಗಂಗರಾಜ, ಪುಣಿಸರ ವಿಷಯದಲ್ಲಿಯೂ ಹೀಗೆಯೇ. ಅವರು ಹೊರಗಿನಿಂದ ಬಂದ ಅಪರಿಚಿತರಲ್ಲ. ಅರಮನೆಯೊಡನೆ ತಲೆಮಾರುಗಳ ನಂಟಿದ್ದ ಮನೆತನಗಳವರು. ಈ ಪದ್ಧತಿಯ ದೋಷವೂ ಇಲ್ಲಿಯೇ ಇದೆ. ದಂಡನಾಯಕರ ಮನೆಯಲ್ಲಿ ಹುಟ್ಟದ, ದೊರೆಯ ಕಣ್ಣಿಗೆ ಬೀಳದ ಎಷ್ಟು ಬಿಟ್ಟಿಯಣ್ಣಂದಿರು ಮಲೆನಾಡಿನ ಹಳ್ಳಿಗಳಲ್ಲಿ ಎಮ್ಮೆ ಕಾಯುತ್ತ ಉಳಿದರೋ ಶಾಸನಗಳು ಹೇಳುವುದಿಲ್ಲ. ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ದಾರಿಯ ಜಾವಗಲ್ ಎಂಬ ಊರಿನ ಹೆಸರು ವೇಗದ ಬೌಲರ್ ಶ್ರೀನಾಥ್ ಅವರ ಹೆಸರಿನೊಡನೆ ಲೋಕವನ್ನೆಲ್ಲ ಸುತ್ತಿಬಂದಿತು. ಅವರು ಟೆಸ್ಟ್ ಪಂದ್ಯಗಳಲ್ಲಿ 236 ವಿಕೆಟ್ ಪಡೆದದ್ದು ಸರಿ. ಆ ದಾರಿಯಲ್ಲಿ ಇನ್ನೂ ಎಷ್ಟು ಊರುಗಳಿವೆ.

ಮಾತು ವಿಷ್ಣುವರ್ಧನನಿಗೆ ಮರಳಲಿ. ಬೇರೆಯವರನ್ನು ಅಳೆದವನನ್ನು ಅಳೆಯಬೇಕಾದ ಘಟ್ಟವಿದು. ತನ್ನ ಕಣದಲ್ಲಿ ಅವನಿಗೆ ಸಾಟಿಯಿರಲಿಲ್ಲ. ಗಂಗವಾಡಿ, ನೊಳಂಬವಾಡಿ, ಕೊಂಗು ಎಲ್ಲವೂ ಬಿರುದಾವಳಿಗೆ ಸೇರಿದವು. ಮೇಲಿನ ಕಣದಲ್ಲಿ, ಚಕ್ರವರ್ತಿಯ ಎದುರು, ಕಥೆ ಬೇರೆಯಾಯಿತು. ಕಣ್ಣೆಗಾಲದ ಇರುಳು ಗೆಲುವನ್ನು ತಂದಿತೇ ಹೊರತು ಸ್ವಾತಂತ್ರ್ಯವನ್ನು ತರಲಿಲ್ಲ. ಚಾಲುಕ್ಯರ ಪರವಾಗಿ ಬಂದ ಸಿಂದ ಮನೆತನದ ಆಚುಗಿ ಹೊಯ್ಸಳನನ್ನು ಹಿಂದಕ್ಕೆ ತಳ್ಳಿದನು. ಅವನ ಮಗ ಪೆರ್ಮಾಡಿ ದೋರಸಮುದ್ರದವರೆಗೂ ಅಟ್ಟಿಸಿಕೊಂಡು ಬಂದು ಬೇಲೂರನ್ನು ಹಿಡಿದನೆಂದು ಸಿಂದರ ಶಾಸನ ಹೆಮ್ಮೆಯಿಂದ ಹೇಳಿಕೊಂಡಿದೆ. ಹೊಯ್ಸಳರ ಶಾಸನಗಳಲ್ಲಿ ಇದರ ಸುದ್ದಿಯಿಲ್ಲದಿರುವುದು ಸಹಜ. ಸೋಲನ್ನು ಯಾರೂ ತಮ್ಮ ಕಲ್ಲಿನಲ್ಲಿ ಕೆತ್ತಿಸುವುದಿಲ್ಲ. ತಲಕಾಡು ಗೆದ್ದವನು ಚಾಲುಕ್ಯರ ಮಹಾಮಂಡಳೇಶ್ವರನೆಂಬ ಪಟ್ಟದಲ್ಲಿಯೇ ಮುಂದುವರಿಯಬೇಕಾಯಿತು.

ಸೋತ ಮೇಲೆ ಕಾಯಲು ಬಂದದ್ದು ಅವನ ದೊಡ್ಡ ಗುಣ. 1126ರಲ್ಲಿ ವಿಕ್ರಮಾದಿತ್ಯ ತೀರಿಕೊಂಡನು. ವಿಷ್ಣುವರ್ಧನ ಮತ್ತೆ ಬಡಗಲಿಗೆ ಮುಖ ಮಾಡಿದನು. ಹಾನಗಲ್ಲು, ಬಂಕಾಪುರ, ಲಕ್ಕುಂಡಿಗಳ ಕಡೆಗೆ ಅವನ ದಂಡು ನಡೆಯಿತು. ದೋರಸಮುದ್ರದಲ್ಲಿ ಅಧಿಕಾರಿ ಕೇತಮಲ್ಲ 1121ರ ಹೊತ್ತಿಗೆ ಆರಂಭಿಸಿದ ಹೊಯ್ಸಳೇಶ್ವರ ದೇವಾಲಯ ಮೇಲೇಳುತ್ತಿತ್ತು. 1131ರಲ್ಲಿ ಪಟ್ಟಮಹಿಷಿ ಶಾಂತಲೆ ಶಿವಗಂಗೆಯಲ್ಲಿ ಕಾಲವಾದಳು. ರಾಮಾನುಜರ ಪ್ರಭಾವದಿಂದ ದೊರೆ ವೈಷ್ಣವನಾದನೆಂದು ಪರಂಪರೆ ಹೇಳುತ್ತದೆ. ರಾಣಿ ಜೈನಳಾಗಿಯೇ ಉಳಿದಳು, ಗಂಗರಾಜನೂ ಬಿಟ್ಟಿಯಣ್ಣನೂ ಜೈನರೇ. ಆಳನ್ನು ಆರಿಸುವಾಗ ಅವನು ಹಣೆಯ ನಾಮವನ್ನು ನೋಡಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ದಂಡನಾಯಕನಾದ ಬಿಟ್ಟಿಯಣ್ಣ ರಾಜಧಾನಿಯಲ್ಲಿ ಕಟ್ಟಿಸಿದ ಬಸದಿಗೆ ಇಟ್ಟ ಹೆಸರು ವಿಷ್ಣುವರ್ಧನ ಜಿನಾಲಯ. ಸಾಕಿದ ತಂದೆಯ ಹೆಸರದು.

1133ರಲ್ಲಿ ಗಂಗರಾಜ ತೀರಿಕೊಂಡನು. ಮಗ ಬೊಪ್ಪ ತಂದೆಯ ನೆನಪಿಗೆ ದೋರಸಮುದ್ರದಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಕನ್ನಡಿಯಂತೆ ಹೊಳೆಯುವ ಕಂಬಗಳನ್ನು ಪ್ರವಾಸಿಗರು ಮುಟ್ಟಿ ನೋಡುವುದು ಅಲ್ಲಿಯೇ. ಪ್ರತಿಷ್ಠೆಯ ಪ್ರಸಾದವನ್ನು ಹಿಡಿದು ಅರ್ಚಕರು ಬಂಕಾಪುರದಲ್ಲಿದ್ದ ದೊರೆಯ ಬಳಿಗೆ ಹೋದರು. ವೈರಿ ಮಸಣನನ್ನು ಗೆದ್ದ ಸಂತೋಷ ಒಂದು ಕಡೆ, ರಾಣಿ ಲಕ್ಷ್ಮಾದೇವಿಗೆ ಗಂಡುಮಗು ಹುಟ್ಟಿದ ಸಂತೋಷ ಇನ್ನೊಂದು ಕಡೆ. ಹಿಗ್ಗಿದ ದೊರೆ ಬಸದಿಯ ದೇವರಿಗೆ ವಿಜಯಪಾರ್ಶ್ವನೆಂದೂ, ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನು.

ಹುಟ್ಟಿದ ದಿನವೇ ಪಟ್ಟಕಟ್ಟಿದಂತೆ ಶಾಸನಗಳು ಈ ಮಗುವನ್ನು ವರ್ಣಿಸುತ್ತವೆ. ದಂಡನಾಯಕನಾಗುವವನಿಗೆ ನಾಲ್ಕು ಪರೀಕ್ಷೆ, ದೊರೆಯಾಗುವವನಿಗೆ ಒಂದೂ ಇಲ್ಲ. ವಿಷ್ಣುವರ್ಧನನ ಕೊನೆಯ ವರ್ಷದ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. 1142ರ ಆಸುಪಾಸಿನಿಂದ 1152ರವರೆಗೆ ಅಭಿಪ್ರಾಯಗಳಿವೆ. ಅವನು ಹೋದಾಗ ನರಸಿಂಹ ಇನ್ನೂ ಎಳೆಯ. ತಂದೆ ಬಡಗಲಿನಲ್ಲಿ ಗಳಿಸಿದ್ದ ನೆಲದಲ್ಲಿ ಹೆಚ್ಚಿನದು ಅವನ ಕೈಯಲ್ಲಿ ನಿಲ್ಲಲಿಲ್ಲ. ನರಸಿಂಹನ ಮಗ ಎರಡನೆಯ ಬಲ್ಲಾಳ ತಂದೆಯೊಡನೆ ಮುರಿದುಕೊಂಡು, ಮಲೆನಾಡಿನ ನಾಯಕರನ್ನು ಕೂಡಿಸಿಕೊಂಡು, 1173ರಲ್ಲಿ ತಾನೇ ಪಟ್ಟಕ್ಕೆ ಬಂದನು. ಅಜ್ಜನಿಗೆ ದಕ್ಕದ ಸ್ವತಂತ್ರ ಪದವಿ 1190ರ ದಶಕದಲ್ಲಿ ದಕ್ಕಿದ್ದು ಈ ಮೊಮ್ಮಗನಿಗೆ. ಆ ಹೊತ್ತಿಗೆ ಚಾಲುಕ್ಯ ಸಾಮ್ರಾಜ್ಯವೇ ಕುಸಿದಿತ್ತೆಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಜ್ಜನ ಎದುರಿಗೆ ಆರನೆಯ ವಿಕ್ರಮಾದಿತ್ಯನಿದ್ದನು. ಮೊಮ್ಮಗನ ಎದುರಿಗೆ ಅಂಥವನು ಇರಲಿಲ್ಲ. ಒಂದೇ ಎತ್ತರದ ಇಬ್ಬರಲ್ಲಿ ಒಬ್ಬ ಗೆದ್ದು ಒಬ್ಬ ಸೋಲುವುದಕ್ಕೆ ಎದುರಾಳಿ ಯಾರೆಂಬುದೂ ಕಾರಣ.

ಆಳನ್ನು ಆರಿಸುವ ಅಜ್ಜನ ಕಣ್ಣು ಮೊಮ್ಮಗನಿಗೂ ಬಂದಿತ್ತು. ಕಳಚುರ್ಯರ ಆಸ್ಥಾನದಲ್ಲಿ ಹೆಸರು ಮಾಡಿದ್ದ ರೇಚರಸ ಆ ರಾಜ್ಯ ಅಳಿದ ಮೇಲೆ ಬಲ್ಲಾಳನ ಕಡೆಗೆ ಬಂದನು. ಬೇರೆ ಕಣದಲ್ಲಿ ಗೆದ್ದು ಬಂದ ಹಿರಿಯನನ್ನು ಬಲ್ಲಾಳ ಅನುಮಾನಿಸದೆ ಬರಮಾಡಿಕೊಂಡನು. ಅರಸೀಕೆರೆಯಲ್ಲಿ 1220ರ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದವನು ಈ ರೇಚರಸ. ರೈಲು ಬದಲಿಸಲು ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿಯುವವರಿಗೆ ಅದು ದೂರವೇನಲ್ಲ.

ಬಲ್ಲಾಳನೂ ಒಬ್ಬ ಹುಡುಗನನ್ನು ಮಗನಂತೆ ಸಾಕಿ ದಂಡನಾಯಕನಾಗಿ ಮಾಡಿದನು. ಅವನು ಕುವರ ಲಕ್ಷ್ಮ. ದೊರೆಗಾಗಿ ಪ್ರಾಣ ಕೊಡುವ ಪಣ ತೊಟ್ಟ ಗರುಡರ ಸಾಲಿಗೆ ಸೇರಿದವನು. 1220ರಲ್ಲಿ ಬಲ್ಲಾಳ ತೀರಿಕೊಂಡಾಗ ಲಕ್ಷ್ಮನೂ ಅವನ ಹೆಂಡತಿ ಸುಗ್ಗಲದೇವಿಯೂ ಸಾವಿರ ಮಂದಿ ವೀರರೂ ಒಡೆಯನ ಹಿಂದೆಯೇ ಪ್ರಾಣ ಬಿಟ್ಟರು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಅವರ ನೆನಪಿನ ಗರುಡಗಂಬ ನಿಂತಿದೆ. ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರ ಚಿಕ್ಕ ಮೂರ್ತಿಗಳು ಅದರ ಸುತ್ತ ಇವೆ.